ಅಳಿಸಿದ ಮೇಲೂ ಉಳಿದದ್ದು

ಚನ್ನಪಟ್ಟಣದ ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ನಡೆಸಿ, ಈಗ ಅಂಗಡಿಯನ್ನು ಮಗನಿಗೆ ಒಪ್ಪಿಸಿರುವ ಹಿರಿಯ ಶ್ರಾವಕರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಮಾರಲು ನಿಶ್ಚಯಿಸಿದರು. ಅದು 2017ರಲ್ಲಿ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೊಸ ಆವೃತ್ತಿಯನ್ನು ಆ ಹಳೆಯ ಯಂತ್ರ ಒಪ್ಪಲಿಲ್ಲ. ಮಗ ಬೇರೊಂದನ್ನು ತಂದುಕೊಟ್ಟ. ಹಳೆಯದಕ್ಕೆ ಗಿರಾಕಿ ದೂರ ಹುಡುಕಬೇಕಾಗಿಯೂ ಬರಲಿಲ್ಲ. ಎರಡು ಬೀದಿ ಆಚೆ ಗೊಂಬೆ ಕೆಲಸದವರ ಮನೆಯ ಹುಡುಗ, ಡಿಪ್ಲೊಮಾ ಓದುತ್ತಿರುವವನು, ಅದರಲ್ಲಿ ಲಿನಕ್ಸ್ ಹಾಕಿಕೊಂಡು ಬಳಸುವುದಾಗಿ ಹೇಳಿ ಏಳು ಸಾವಿರ ರೂಪಾಯಿಗೆ ಒಪ್ಪಿಕೊಂಡ. ಭಾನುವಾರ ಸಂಜೆ ಬಂದು ಒಯ್ಯುವುದೆಂದು ಮಾತಾಯಿತು.

ಶನಿವಾರ ರಾತ್ರಿ ಅವರು ಯಂತ್ರದ ಮುಂದೆ ಕುಳಿತು ಒಂದೊಂದೇ ಕಡತವನ್ನು ಅಳಿಸಿದರು. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದರು. ಮನೆ ಖಾಲಿ ಮಾಡುವವರು ಕೊನೆಗೊಮ್ಮೆ ಕಸ ಗುಡಿಸಿ ಬೀಗ ಹಾಕುವಾಗ ಪಡುವ ಸಮಾಧಾನ ಅವರಿಗೂ ಆಯಿತು.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ಮರುದಿನ ಬೆಳಿಗ್ಗೆ ಬಂದಿದ್ದಳು. “ತಾತ, ಇದನ್ನ ಹೀಗೇ ಕೊಟ್ಟುಬಿಡ್ತೀರಾ?” ಎಂದು ಕೇಳಿದಳು. ಎಲ್ಲವನ್ನೂ ಅಳಿಸಿಯಾಗಿದೆ ಎಂದರು ಅವರು. ಅವಳು ವಾದಕ್ಕೆ ಹೋಗಲಿಲ್ಲ. ಕಳೆದುಹೋದ ಕಡತಗಳನ್ನು ಹುಡುಕಿಕೊಡುವ ಒಂದು ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿ ಸ್ನಾನಕ್ಕೆ ಹೋದಳು. ಅವಳು ಮರಳಿ ಬರುವ ವೇಳೆಗೆ ಪರದೆಯ ಮೇಲೆ ಹೆಸರುಗಳ ಸಾಲು ನಿಂತಿತ್ತು. ತಾತ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ಮಾತನಾಡಲಿಲ್ಲ.

ಅವರು ಹದಿನಾಲ್ಕು ವರ್ಷಗಳಿಂದ ಒಂದು ಸಣ್ಣ ಸಹಾಯನಿಧಿಯ ಲೆಕ್ಕ ಬರೆಯುತ್ತ ಬಂದವರು. ನಾಲ್ಕೈದು ಮನೆತನದವರು ವರ್ಷಕ್ಕೊಮ್ಮೆ ಹಣ ಕೂಡಿಸಿ, ಜಾತಿ ಮತ ನೋಡದೆ, ಕಷ್ಟದಲ್ಲಿರುವವರಿಗೆ ಕೊಡುವ ನಿಧಿ ಅದು. ಕೊಟ್ಟವರ ಹೆಸರೂ ಪಡೆದವರ ಹೆಸರೂ ಹೊರಗೆ ಬರಕೂಡದೆಂಬುದು ಮೊದಲಿನಿಂದಲೂ ನಡೆದುಬಂದ ಕಟ್ಟಳೆ. ಆದರೆ ಲೆಕ್ಕವೆಂದ ಮೇಲೆ ಕಾಗದ ಬೇಕು. ಒಬ್ಬ ಕುಶಲಕರ್ಮಿಯ ಮೂತ್ರಪಿಂಡದ ಚಿಕಿತ್ಸೆಯ ವರದಿ, ಓಲೆ ಒತ್ತೆಯಿಟ್ಟು ಮಗಳ ಶುಲ್ಕ ಕಟ್ಟಿದ ತಾಯಿಯ ಅರ್ಜಿ, ಆಧಾರ್ ಪ್ರತಿಗಳು, ಪಾಸ್‌ಬುಕ್ಕಿನ ಮೊದಲ ಪುಟಗಳು, ಕುಡಿತದ ಗಂಡನನ್ನು ಬಿಟ್ಟುಬಂದ ಹೆಂಗಸು ತನ್ನ ಕೈಯಾರೆ ಬರೆದ ಎರಡು ಪುಟದ ಪತ್ರ, ಇವೆಲ್ಲ ಅದರಲ್ಲಿದ್ದವು. ಊರಿನಲ್ಲಿ ಚೆನ್ನಾಗಿ ಬಾಳುತ್ತಿರುವರೆಂದು ಎಲ್ಲರೂ ತಿಳಿದಿದ್ದ ಒಂದೆರಡು ಮನೆಗಳ ಹೆಸರೂ ಇತ್ತು. ಪ್ರತಿಯೊಬ್ಬರಿಗೂ ಅವರು ಹೇಳುತ್ತಿದ್ದ ಮಾತು ಒಂದೇ: “ಈ ವಿಷಯ ಈ ಬಾಗಿಲು ದಾಟುವುದಿಲ್ಲ.” ಸಂಜೆ ಬರಬೇಕಾಗಿದ್ದ ಹುಡುಗ ಆ ಪಟ್ಟಿಯ ಎರಡು ಮನೆಗಳಿರುವ ಬೀದಿಯಲ್ಲಿಯೇ ಇದ್ದವನು. ಹುಡುಗ ಒಳ್ಳೆಯವನೇ. ಆದರೆ ಅವನ ಒಳ್ಳೆಯತನದ ಮೇಲೆ ಇನ್ನೊಬ್ಬರ ಮಾನವನ್ನು ಒತ್ತೆಯಿಡುವ ಅಧಿಕಾರ ತಮಗೆ ಯಾರು ಕೊಟ್ಟರೆಂದು ಆ ಹಿರಿಯರಿಗೆ ಅನ್ನಿಸಿತು.

ಯಂತ್ರದಲ್ಲಿ ಅಳಿಸುವುದೆಂದರೆ ಏನು ಎಂಬುದನ್ನು ಮೊಮ್ಮಗಳು ಅಂಗಡಿಯ ಭಾಷೆಯಲ್ಲಿಯೇ ತಿಳಿಸಿದಳು. ದಪ್ಪ ಲೆಕ್ಕದ ಪುಸ್ತಕದ ಮೊದಲಿಗೆ ಯಾರ ಖಾತೆ ಯಾವ ಪುಟದಲ್ಲಿದೆ ಎಂಬ ಪರಿವಿಡಿ ಇರುತ್ತದೆಯಷ್ಟೆ. ಕಡತವನ್ನು ಅಳಿಸಿದಾಗ ಯಂತ್ರ ಆ ಪರಿವಿಡಿಯ ಸಾಲನ್ನು ಮಾತ್ರ ಹೊಡೆದುಹಾಕಿ, ಪುಟವನ್ನು ಮುಂದೆ ಬೇರೆ ಬರಹಕ್ಕೆ ಬಳಸಬಹುದೆಂದು ಗುರುತು ಹಾಕಿಕೊಳ್ಳುತ್ತದೆ. ಅದರ ಮೇಲೆ ಬೇರೇನಾದರೂ ಬರೆಯುವತನಕ ಪುಟ ಇದ್ದ ಹಾಗೆಯೇ ಇರುತ್ತದೆ. ಬೇಗ ಮುಗಿಯುವ ಫಾರ್ಮ್ಯಾಟ್ ಕೂಡ ಹೆಚ್ಚುಕಡಿಮೆ ಇಷ್ಟನ್ನೇ ಮಾಡುತ್ತದೆ. ಪರಿವಿಡಿಯನ್ನು ಇಡಿಯಾಗಿ ಹರಿದು ಹೊಸದೊಂದನ್ನು ಅಂಟಿಸುತ್ತದೆ.

ಇದು ಒಬ್ಬ ಮುದುಕರ ಅಜ್ಞಾನವೆಂದು ನಗುವಂತಿಲ್ಲ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್, ಮಾರುಕಟ್ಟೆಯಲ್ಲಿ ಬಳಸಿದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರ ಪೈಕಿ ಸರಿಯಾಗಿ ಶುದ್ಧಗೊಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಸಿಕ್ಕ ಕ್ರೆಡಿಟ್ ಕಾರ್ಡಿನ ಸಂಖ್ಯೆಗಳೇ ಐದು ಸಾವಿರಕ್ಕಿಂತ ಹೆಚ್ಚು. ಅದಾಗಿ ಹತ್ತೊಂಬತ್ತು ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಅದೇ ದೇಶದ ಷೇರುಪೇಟೆ ನಿಯಂತ್ರಣ ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿಯ ಒಂದು ಘಟಕದಿಂದ 3.5 ಕೋಟಿ ಡಾಲರ್ ದಂಡ ವಸೂಲು ಮಾಡಿತು. ಹಳೆಯ ಯಂತ್ರಗಳ ವಿಲೇವಾರಿಯನ್ನು ಆ ಘಟಕ ಸಾಮಾನು ಸಾಗಿಸುವ ಕಂಪನಿಗೆ ವಹಿಸಿತ್ತು. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿಯ ಸಮೇತ ಹರಾಜಿನಲ್ಲಿ ಮಾರಾಟವಾಗಿದ್ದವು. ಸುಮಾರು 1.5 ಕೋಟಿ ಜನರ ವಿವರಗಳಿಗೆ ಸಂಬಂಧಿಸಿದ ಪ್ರಕರಣ ಅದು.

ಹಿಂದೆ ಕಾಗದದ ಕಾಲದಲ್ಲಿಯೂ ಹೀಗೆ ಆಗದೆ ಇರಲಿಲ್ಲ. ಕಡಲೆಕಾಯಿಯ ಪೊಟ್ಟಣ ಬಿಚ್ಚಿದರೆ ಯಾರದೋ ಸಾಲದ ಲೆಕ್ಕ, ಯಾರದೋ ಉತ್ತರಪತ್ರಿಕೆ ಕಾಣುತ್ತಿತ್ತು. ಆದರೆ ಪೊಟ್ಟಣ ಒಂದು ಪುಟ. ಇದು ಇಡೀ ಕಪಾಟು.

ಬರೆದುದನ್ನು ಕಾಪಾಡುವ ವಿದ್ಯೆ ಜೈನರಿಗೆ ಚೆನ್ನಾಗಿ ಗೊತ್ತು. ಮೂಡಬಿದಿರೆಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದದ್ದು, ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿ, ಇವು ಶಾಸ್ತ್ರದಾನದ ಹೆಮ್ಮೆಯ ನೆನಪುಗಳು. ಅಳಿಸಬೇಕಾದುದನ್ನು ಅಳಿಸುವ ವಿದ್ಯೆಗೆ ಅಷ್ಟು ಗೌರವ ಬಂದಿಲ್ಲ. ಆದರೂ ಆಧಾರವಿಲ್ಲವೆನ್ನುವಂತಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ತ್ಯಜಿಸುವ ವಸ್ತುವನ್ನು ಜೀವಿಗಳಿಲ್ಲದ ಸ್ಥಳ ನೋಡಿ, ಯಾರಿಗೂ ಬಾಧೆಯಾಗದಂತೆ ವಿಸರ್ಜಿಸಬೇಕೆಂಬ ನಿಯಮ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ರಹೋಭ್ಯಾಖ್ಯಾನ ಬರುತ್ತದೆ. ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು ಎಂದು ಅದರ ಅರ್ಥ. ಆಡಿದ್ದು ನಿಜವೇ ಆದರೂ ಅದು ಸತ್ಯವ್ರತಕ್ಕೆ ಕಳಂಕವೆಂದು ಎಣಿಸಿದ್ದಾರೆ. ಬಾಯಿಂದ ಹೇಳದೆ, ಯಂತ್ರದ ಮೂಲಕ ಹೇಳಿದಂತಾದರೆ ಅದು ಬೇರೆಯಾಗುತ್ತದೆಯೇ? ಉದ್ದೇಶವಿರಲಿಲ್ಲವೆಂಬುದು ನಿಜ. ಪ್ರಮಾದವಿತ್ತು ಎಂಬುದೂ ನಿಜ.

ದೇಶದ ಕಾನೂನೂ ಈ ದಿಕ್ಕಿನಲ್ಲಿ ಬಂದಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಾಗ, ಅರ್ಜಿದಾರರಾಗಿ ಮುಂದೆ ನಿಂತಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಿವೆ. ಪಡೆದ ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬುದು ಆ ಕಾಯ್ದೆ ಹೇಳುವ ಕರ್ತವ್ಯಗಳಲ್ಲೊಂದು. ಮನೆಯ ಸ್ವಂತ ಬಳಕೆಗೆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಬಸದಿಯ ಟ್ರಸ್ಟಿನ ದಾನಿಗಳ ಪಟ್ಟಿ, ವಿದ್ಯಾರ್ಥಿನಿಲಯದ ಅರ್ಜಿಗಳು ಮನೆಯ ಬಳಕೆಯವಲ್ಲ ಎಂಬುದನ್ನು ಧರ್ಮದರ್ಶಿಗಳು ಗಮನಿಸುವುದು ಒಳ್ಳೆಯದು.

ಆ ಭಾನುವಾರ ಹುಡುಗನಿಗೆ ಎರಡು ದಿನ ಬಿಟ್ಟು ಬರಹೇಳಿದರು. ಉಳಿಸಬೇಕಾದ ಲೆಕ್ಕವನ್ನು ಹೊಸ ಯಂತ್ರಕ್ಕೆ ಪ್ರತಿ ಮಾಡಿ, ತೆರೆದು ನೋಡಿ, ಸರಿಯಿದೆಯೆಂದು ಖಚಿತಪಡಿಸಿಕೊಂಡದ್ದು ಮೊದಲ ಕೆಲಸ. ಆಮೇಲೆ ಅಂಚೆಪೆಟ್ಟಿಗೆಯಿಂದ ಹಿಡಿದು ಎಲ್ಲ ಖಾತೆಗಳಿಂದ ಹೊರಬಂದರು. ಬ್ರೌಸರು ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡುಗಳನ್ನು ತೆಗೆದರು, ಬ್ಯಾಂಕಿನದನ್ನು ಬದಲಾಯಿಸಿದರು. ಫೋನಿನಲ್ಲಿ ವಾಟ್ಸಾಪಿನ ಜೋಡಿಸಿದ ಸಾಧನಗಳ ಪಟ್ಟಿಯಿಂದ ಹಳೆಯ ಯಂತ್ರವನ್ನು ಬಿಡಿಸಿದರು. ಚೀಲದ ಒಳಜೇಬಿನಲ್ಲಿ ಮರೆತಿದ್ದ ಡಿಜಿಟಲ್ ಸಹಿಯ ಟೋಕನ್ ಆಗ ಕೈಗೆ ಸಿಕ್ಕಿತು. ಚೀಲವನ್ನೂ ಸೇರಿಸಿ ಕೊಡುವುದಾಗಿ ಮಾತಾಗಿತ್ತು! ಕೊನೆಗೆ ವಿಂಡೋಸಿನ ಸೆಟ್ಟಿಂಗ್ಸಿನಲ್ಲಿರುವ ರೀಸೆಟ್ ವ್ಯವಸ್ಥೆಯನ್ನು ತೆರೆದು, ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ಡ್ರೈವನ್ನು ಶುದ್ಧಗೊಳಿಸುವ ಆಯ್ಕೆಯನ್ನೂ ಗುರುತಿಸಿದರು. ಈ ಎರಡನೆಯದನ್ನು ಬಿಟ್ಟರೆ ಹಳೆಯ ಪುಟಗಳ ಮೇಲೆ ಹೊಸ ಬರಹ ಬೀಳುವುದಿಲ್ಲ. ಕೆಲಸ ಮುಗಿಯಲು ರಾತ್ರಿಯಿಡೀ ಹಿಡಿಯಿತು. ಬೆಳಿಗ್ಗೆ ಅದೇ ಹುಡುಕುವ ತಂತ್ರಾಂಶವನ್ನು ಮತ್ತೆ ಓಡಿಸಿದಾಗ ಒಂದು ಹೆಸರೂ ಏಳಲಿಲ್ಲ.

ಅವರದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಆಗಿದ್ದುದರಿಂದ ಇಷ್ಟು ಸಾಕಾಯಿತು. ಈಚಿನ ಎಸ್‌ಎಸ್‌ಡಿಗಳು ಬರಹವನ್ನು ತಮ್ಮೊಳಗೆ ಜಾಗ ಬದಲಿಸಿ ಇಡುವುದರಿಂದ ಮೇಲೆ ಮೇಲೆ ಬರೆಯುವ ಉಪಾಯವನ್ನು ಪೂರ್ತಿ ನಂಬುವಂತಿಲ್ಲ. ಅಂಥವಕ್ಕೆ ತಯಾರಕರೇ ಕೊಡುವ ಅಳಿಸುವ ಆಜ್ಞೆ ಬೇಕು. ಇಲ್ಲವೇ ಮೊದಲ ದಿನದಿಂದಲೇ ಮಾಹಿತಿಯನ್ನು ಗೂಢಲಿಪಿಯಲ್ಲಿಟ್ಟು ಕೊನೆಗೆ ಅದರ ಕೀಲಿಯನ್ನು ನಾಶಪಡಿಸಬೇಕು. ಓಡದೆ ಕೆಟ್ಟ ಡಿಸ್ಕನ್ನು ಮಾರದೆ ಒಡೆದು, ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸುವುದೇ ಸರಿ.

ಹುಡುಗ ಬಂದು ಯಂತ್ರವನ್ನು ಒಯ್ದ. ವಿಷಯ ಅಲ್ಲಿಗೆ ಮುಗಿಯಬಹುದಿತ್ತು.

ಆದರೆ ಈ ಲ್ಯಾಪ್‌ಟಾಪಿಗೆ ಮೊದಲು ಅವರ ಬಳಿ ಮೇಜಿನ ಮೇಲಿನ ಕಂಪ್ಯೂಟರೊಂದು ಇತ್ತು. ನಿಧಿಯ ಮೊದಲ ವರ್ಷಗಳ ಲೆಕ್ಕವೆಲ್ಲ ಅದರಲ್ಲಿತ್ತು. 2017ರಲ್ಲಿ ಅದನ್ನು ಕೂಡ ಇದೇ ರೀತಿ, ಬಿನ್ ಖಾಲಿ ಮಾಡಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಮಾರಿದ್ದರು. ಅದರ ನೆನಪು ಅವರಿಗೆ ಆ ರಾತ್ರಿ ಬಂತು. ವಾರದ ಮೇಲೆ ಬೆಳಗಿನ ರೈಲು ಹಿಡಿದು ಹೋದರು. ಅಂಗಡಿಯಾತ ಗೌರವದಿಂದಲೇ ಕೂರಿಸಿ ಚಹಾ ತರಿಸಿದ. “ಯಜಮಾನ್ರೇ, ಎಂಟು ವರ್ಷದ ಹಿಂದಿನದು. ಡಿಸ್ಕ್ ಬಿಚ್ಚಿ ಯಾವುದಕ್ಕೋ ಹಾಕಿರ್ತೀವಿ. ಎಲ್ಲಿ ಅಂತ ಹುಡುಕೋದು?” ಎಂದ.

ಮನೆಗೆ ಬಂದ ಮೇಲೆ ಅವರನ್ನು ಕಾಡಿದ ಪ್ರಶ್ನೆ ಬೇರೆಯದು. ಆ ಮನೆಗಳವರಿಗೆ ಇದನ್ನು ತಿಳಿಸಬೇಕೆ, ಬೇಡವೆ? ತಿಳಿಸಿದರೆ ಮರೆತಿರುವ ದುಃಖವನ್ನು ಕೆದಕಿ, ಕೈಲಾಗದ ಭಯವೊಂದನ್ನು ಕೊಟ್ಟಂತೆ. ಮುಚ್ಚಿಟ್ಟರೆ, ಅವರ ಗುಟ್ಟನ್ನು ಕಾಯಲು ಒಪ್ಪಿಕೊಂಡವರು ಈಗ ತಮ್ಮ ತಪ್ಪಿನ ಗುಟ್ಟನ್ನು ಕಾದಂತೆ. ಮಗ ಬೇಡವೆಂದ. ನಿಧಿಯ ಇನ್ನಿಬ್ಬರು ಹಿರಿಯರೂ ಬೇಡವೆಂದರು. ಅವರ ಮಾತಿನಲ್ಲಿ ವಿವೇಕವಿಲ್ಲದೆ ಇರಲಿಲ್ಲ. ಆದರೂ ಅವರು ಹಳೆಯ ಚೀಟಿಗಳಿಂದ ಹೆಸರುಗಳನ್ನು ನೆನಪು ಮಾಡಿಕೊಂಡು ಹದಿಮೂರು ಮನೆಗಳ ಪಟ್ಟಿ ಮಾಡಿದರು. ಅದನ್ನು ಯಂತ್ರದಲ್ಲಿ ಬರೆಯದೆ ಪೆನ್ಸಿಲಿನಲ್ಲಿ ಬರೆದರು. ಒಬ್ಬರ ಮನೆಗೆ ಹೋಗಿಬಂದಾಗಲೆಲ್ಲ ಆ ಸಾಲನ್ನು ರಬ್ಬರಿನಿಂದ ಒರೆಸುತ್ತ ಬಂದರು.

ಮೊದಲು ಹೋದದ್ದು ಆ ಎರಡು ಪುಟದ ಪತ್ರ ಬರೆದಾಕೆಯ ಮನೆಗೆ. ಅದರ ಪ್ರತಿ ಹಳೆಯ ಕಂಪ್ಯೂಟರಿನಲ್ಲಿಯೂ ಇತ್ತು. ಆಕೆ ಮಣೆ ಹಾಕಿ ಕೂರಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ. ಒಳಗೆ ಓದುತ್ತಿದ್ದ ಮಗಳ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, “ಅಣ್ಣಾ, ಆ ಕಾಗದದ ಜೊತೆ ನಮ್ಮ ಹುಡುಗಿ ಫೋಟೋನೂ ಕೊಟ್ಟಿದ್ದೆನಲ್ಲ, ಅದೂ ಅದರಲ್ಲಿತ್ತಾ?” ಎಂದು ಕೇಳಿದರು.

ಇತ್ತೆಂದು ಅವರು ಹೇಳಿದರು.