ದಾದಿಯ ಗುಳಿಗೆ, ಮೊಬೈಲಿನ ಮಾತು

ಮನೆಯಲ್ಲಿ ಓದುವ ಮಕ್ಕಳಿಗೆ ಒಂದು ಕೆಲಸ ಹೆಚ್ಚು. ಬ್ಯಾಂಕಿನ ಮೆಸೇಜು, ಕರೆಂಟ್ ಬಿಲ್ಲು, ಡಾಕ್ಟರ ಚೀಟಿ, ಎಲ್ಲವನ್ನೂ ನಮ್ಮ ಕೈಗೆ ಕೊಟ್ಟು "ಏನದ ನೋಡು" ಎನ್ನುತ್ತಾರೆ. ಈಗ ವಾಟ್ಸ್‌ಆಪ್‌ಗೆ ಬಂದ ಆರೋಗ್ಯದ ಸಲಹೆ ಖರೇನೋ ಸುಳ್ಳೋ ಎಂದು ಹೇಳುವುದೂ ನಮ್ಮದೇ ಕೆಲಸ. ನಾನು ಚಿತ್ತಾಪುರದವಳು. ವಾಡಿ, ಶಹಾಬಾದ್, ಸೇಡಂ, ಚಿಂಚೋಳಿಯ ಗೆಳತಿಯರ ಮನೆಯಲ್ಲೂ ಇದೇ ಕಥೆ.

ಇದು ಸಣ್ಣ ಕೆಲಸವಲ್ಲ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಭಾರತದ ಮೊದಲ ಕೊರೊನಾ ಸಾವು ಎಂದು ಎರಡು ದಿನಗಳ ನಂತರ ಖಚಿತವಾಯಿತು. ನಾನಾಗ ಆರನೇ ತರಗತಿಯಲ್ಲಿದ್ದೆ. ಬೆಳ್ಳುಳ್ಳಿ ತಿಂದರೆ ಕೊರೊನಾ ಬರುವುದಿಲ್ಲ ಎಂಬ ಮೆಸೇಜು ಎಲ್ಲರ ಫೋನಿನಲ್ಲೂ ಇತ್ತು. ಅದಕ್ಕೆ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ರೋಗದ ಜೊತೆ ಹೀಗೆ ನಿಜ–ಸುಳ್ಳು ಬೆರೆತು ಹರಡುವ ಮಾಹಿತಿಗೆ ಅದು 'ಇನ್ಫೋಡೆಮಿಕ್' ಎಂಬ ಹೆಸರನ್ನೂ ಬಳಸಿತು.

ಕಳೆದ ರಂಜಾನ್ ಹತ್ತಿರ ಬಂದಾಗ ಅಂಥದ್ದೇ ಒಂದು ವಿಡಿಯೊ ನಮ್ಮ ದಾದಿಯ ಫೋನಿಗೆ ಬಂತು. ದಾದಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಬಿಳಿ ಕೋಟು ಹಾಕಿದವನೊಬ್ಬ, ಒಂದು ಪುಡಿ ತಿಂದರೆ ನಲವತ್ತು ದಿನದಲ್ಲಿ ಸಕ್ಕರೆ ಹೋಗುತ್ತದೆ, ಗುಳಿಗೆ ಬಿಡಿ ಎನ್ನುತ್ತಿದ್ದ. ರೋಜಾ ಇರಬೇಕೆಂಬ ಆಸೆಯಿದ್ದ ದಾದಿಗೆ ಅದು ಹಿಡಿಸಿಬಿಟ್ಟಿತು.

ನಾನು ಮೂರು ಸಂಗತಿ ನೋಡಿದೆ. ಹೇಳುವವನು ಯಾರು? ಹೆಸರೂ ಇಲ್ಲ, ಓದಿದ್ದೇನೆಂದೂ ಇಲ್ಲ. ಯಾವಾಗ ಹೇಳಿದ್ದು? ತಾರೀಖಿಲ್ಲ. ಅವನಿಗೆ ಲಾಭವೇನು? ಕೆಳಗೆ ಪುಡಿಯ ಬೆಲೆ, ಫೋನ್ ನಂಬರು! ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

ಆಮೇಲೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಇತರ ತಜ್ಞರ ಜೊತೆ ಸೇರಿ 2021ರಲ್ಲಿ ಹೊರತಂದ ರಂಜಾನ್ ಮಾರ್ಗಸೂಚಿ ಸಿಕ್ಕಿತು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲ. 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚಾದರೆ ರೋಜಾ ಬಿಡಬೇಕು. ಗುಳಿಗೆಯ ಪ್ರಮಾಣ, ವೇಳೆಯನ್ನು ರಂಜಾನಿಗೆ ಮೊದಲೇ ಡಾಕ್ಟರ ಜೊತೆ ಗೊತ್ತು ಮಾಡಿಕೊಳ್ಳಬೇಕು ಎಂದು ಅದರಲ್ಲಿತ್ತು. ಅದನ್ನು ಓದಿ ಹೇಳಿ, ಅಬ್ಬಾ ಮತ್ತು ನಾನು ದಾದಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರು ಕಿಡ್ನಿಯ ರಿಪೋರ್ಟ್ ನೋಡಿ, "ಗುಳಿಗಿ ಬಿಡಬ್ಯಾಡ್ರಿ ಅಮ್ಮಾ. ಈ ವರ್ಷ ರೋಜಾನೂ ಬ್ಯಾಡ" ಎಂದರು. ದಾದಿ ಅತ್ತರು. ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂದು ಮಸೀದಿಯ ಹಜರತ್ ತಿಳಿಸಿ ಹೇಳಿದ ಮೇಲೆ ಸಮಾಧಾನವಾಯಿತು. ಆ ತಿಂಗಳೆಲ್ಲ ನಮ್ಮ ಇಫ್ತಾರಿಗೆ ಖರ್ಜೂರ ಜೋಡಿಸಿದವರು ಅವರೇ.

ನನಗೆ ತಿಳಿದದ್ದು ಇಷ್ಟು. ಆ ಮಾರ್ಗಸೂಚಿ ನಂಬುವಂಥದ್ದೇ, ಆದರೆ ನಮ್ಮ ದಾದಿಯ ಕಿಡ್ನಿಯ ವಿಷಯ ಅದಕ್ಕೆ ಗೊತ್ತಿಲ್ಲ. ಒಳ್ಳೆಯ ಮಾಹಿತಿ ನಮ್ಮನ್ನು ಡಾಕ್ಟರ ಬಳಿಗೆ ಸರಿಯಾದ ಪ್ರಶ್ನೆಯೊಂದಿಗೆ ಕಳಿಸುತ್ತದೆ. ಕೆಟ್ಟದ್ದು ಡಾಕ್ಟರನ್ನೇ ಬಿಡು ಎನ್ನುತ್ತದೆ. ಗೆಳತಿಯರೇ, ಗೆಳೆಯರೇ, ಮನೆಯವರು ಫೋನ್ ಕೊಟ್ಟು "ಖರೇನಾ?" ಎಂದು ಕೇಳಿದಾಗ ಬೇಸರಪಡಬೇಡಿ, ಹಿರಿಯರನ್ನು ನೋಡಿ ನಗಬೇಡಿ. ಪಕ್ಕದಲ್ಲಿ ಕೂತು, ಅವರ ಜೊತೆಗೇ ಓದಿ ನೋಡಿ.