ಕಾಸಿಲ್ಲದವರ ದಿಲ್ಲಿ

ಹಳೇ ದಿಲ್ಲಿಯನ್ನು ನಡೆದು ನೋಡುವವರ ದಾರಿ ಕೆಂಪುಕೋಟೆಯ ಲಾಹೋರಿ ಬಾಗಿಲಿನಿಂದ ಹೊರಟು, ಚಾಂದನಿ ಚೌಕದ ಉದ್ದಕ್ಕೂ ಸಾಗಿ, ಫತೇಪುರಿ ಮಸೀದಿಯ ಮುಂದೆ ಮುಗಿಯುತ್ತದೆ. ಸುಮಾರು ಒಂದೂವರೆ ಕಿಲೋಮೀಟರು, ಅಷ್ಟೇ. 1980, 90ರ ದಶಕಗಳಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ (ಊರವರ ಬಾಯಲ್ಲಿ ಅದು ಕೆ.ಕೆ. ಎಕ್ಸ್‌ಪ್ರೆಸ್ಸೇ) ಎರಡು ರಾತ್ರಿ ಕಳೆದು ಬಂದಿಳಿಯುತ್ತಿದ್ದವರು, ಅಂದರೆ ಸಂದರ್ಶನಕ್ಕೆ ಬಂದ ಹುಡುಗರು, ರಜೆ ಪ್ರಯಾಣದ ರಿಯಾಯಿತಿಯಲ್ಲಿ ಸಂಸಾರ ಸಮೇತ ಹೊರಟ ಗುಮಾಸ್ತರು, ಈ ದಾರಿಗೆ ಇಡೀ ದಿನ ಕೊಡುತ್ತಿದ್ದರು. ಅವರ ಬಳಿ ಧಾರಾಳವಾಗಿ ಇದ್ದದ್ದು ಹೊತ್ತೊಂದೇ. ಇವತ್ತು ಮೊದಲ ಸಲ ದಿಲ್ಲಿಗೆ ಹೊರಟ ಮಕ್ಕಳು ಕೇಳುವುದು, ಯಾವುದಕ್ಕೆ ಯಾವ ಮೆಟ್ರೊ ಸ್ಟೇಷನ್ ಹತ್ತಿರ ಎಂದು. ಎರಡು ಸ್ಟೇಷನ್‌ಗಳ ನಡುವೆ ಏನಿದೆ ಎಂದು ಕೇಳುವವರು ಅಪರೂಪ. ಹಳೆಯ ನಡಿಗೆಯೆಲ್ಲ ಇದ್ದದ್ದು ಆ ನಡುವಿನಲ್ಲೇ.

ಕೋಟೆಯ ಎದುರಿಗೇ ದಿಗಂಬರ ಜೈನರ ಲಾಲ್ ಮಂದಿರ, ಅದರ ಆವರಣದಲ್ಲಿ ಹಕ್ಕಿಗಳ ಆಸ್ಪತ್ರೆ. ಗಾಳಿಪಟದ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಪಾರಿವಾಳಗಳು ಅಲ್ಲಿ ವಾರಗಟ್ಟಲೆ ಒಳರೋಗಿಗಳು. ಹದ್ದು ಗಿಡುಗಗಳಿಗೂ ಚಿಕಿತ್ಸೆ ಉಂಟು, ಆದರೆ ಮಾಂಸ ತಿನ್ನುವ ಜಾತಿಯಾದ್ದರಿಂದ ಹೊರರೋಗಿಗಳಾಗಿ ಮಾತ್ರ. ಮುಂದೆ, ಗುರು ತೇಗ್ ಬಹಾದುರರ ಶಿರಚ್ಛೇದ 1675ರಲ್ಲಿ ನಡೆದ ಜಾಗದಲ್ಲಿ, ಶೀಶ್‌ಗಂಜ್ ಗುರುದ್ವಾರ. ನಡೆಯುವವರ ಮಧ್ಯಾಹ್ನದ ಊಟ ಅಲ್ಲಿನ ಪಂಕ್ತಿಯಲ್ಲಿ. ಊರು ಯಾವುದು, ಜಾತಿ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ, ಇಂದಿಗೂ ಕೇಳುವುದಿಲ್ಲ. ಈ ದಾರಿಯಲ್ಲಿ ಬದಲಾಗದೆ ಉಳಿದಿರುವವುಗಳಲ್ಲಿ ಆ ದಾಲು ರೊಟ್ಟಿ ಒಂದು.

ಫತೇಪುರಿಯ ಪಕ್ಕದಿಂದ ಖಾರಿ ಬಾವಲಿ ಶುರು. ಮಸಾಲೆ ಪೇಟೆ ಇದೆಯೆಂದು ಯಾರೂ ಕೈತೋರಿಸಿ ಹೇಳಬೇಕಾಗಿರಲಿಲ್ಲ. ಮೊದಲು ಅರಿಶಿನ, ಆಮೇಲೆ ಇಂಗು, ಒಣ ಶುಂಠಿ, ಕೊನೆಗೆ ಎಲ್ಲವನ್ನೂ ನುಂಗಿಹಾಕುವ ಕೆಂಪು ಮೆಣಸಿನಕಾಯಿಯ ಘಾಟು. ಗಡೋಡಿಯಾ ಮಾರ್ಕೆಟ್ಟಿನ ಮೆಟ್ಟಿಲು ಹತ್ತುವವರೂ ಇಳಿಯುವವರೂ ಕೆಮ್ಮುತ್ತಲೇ ಇರುತ್ತಿದ್ದರು. ಬ್ಯಾಡಗಿಯ ಸಂತೆ ಕಂಡವರಿಗೂ ಅಲ್ಲಿ ಕಣ್ಣಲ್ಲಿ ನೀರು. ಚೀಲ ಹೊತ್ತ ಹಮಾಲಿ ಮಾತ್ರ ಕೆಮ್ಮದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ನೋಡಲು ಬಂದವರನ್ನು ಗದರಿಸುತ್ತಾ ಸಾಗುತ್ತಿದ್ದ. ಆ ಘಾಟು ನೋಡುವವರಿಗೆ ಒಂದು ದಿನದ ಸೊಗಸು, ಹೊರುವವನಿಗೆ ಜನ್ಮದ ಪಾಡು. ಹಳೆಯದನ್ನು ಹೊಗಳುವವರು ಈ ಎರಡನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ದಿಲ್ಲಿಯನ್ನು ನಡೆದೇ ತಿಳಿಯಬೇಕೆಂಬ ವಿದ್ಯೆಗೆ ಒಬ್ಬ ಗುರುವಿದ್ದರು. ಆರ್.ವಿ. ಸ್ಮಿತ್ ಆಗ್ರಾದಿಂದ ಬಂದ ಪತ್ರಕರ್ತ. ದಶಕಗಳ ಕಾಲ ಹಳೇ ದಿಲ್ಲಿಯ ಗಲ್ಲಿಗಳಲ್ಲಿ ಓಡಾಡಿ, ಮುದುಕರ ಬಾಯಿಂದ ಕೇಳಿದ್ದನ್ನು ಪತ್ರಿಕೆಗಳಿಗೆ ಬರೆದರು. ಜಿನ್ನುಗಳು, ಹಾಳುಬಿದ್ದ ಹವೇಲಿಗಳು, ಮರೆತುಹೋದ ಕವಿಗಳು, ಎಲ್ಲಕ್ಕೂ ಅವರ ಅಂಕಣದಲ್ಲಿ ಜಾಗವಿತ್ತು. ದಾಖಲೆ ಹುಡುಕುವ ಇತಿಹಾಸಕಾರರಿಗೆ ಅದು ಕಟ್ಟುಕತೆಯಾಗಿ ಕಂಡಿದ್ದರೆ ತಪ್ಪೇನಿಲ್ಲ. ಆದರೆ ದಾಖಲೆಯಲ್ಲಿ ಇಲ್ಲದ ಊರನ್ನು ಬೇರೆ ಯಾರು ಬರೆದಿಟ್ಟರು? 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಿಂದ ದಿಲ್ಲಿಯ ಬೀದಿಗಳಲ್ಲಿ ನಡೆಯುವವರೇ ಇಲ್ಲದ ದಿನಗಳಲ್ಲಿ, ಅವರು ತೀರಿಕೊಂಡರು.

ಬದಲಾವಣೆ ಒಂದೇ ಸಲಕ್ಕೆ ಬಂದದ್ದಲ್ಲ. ಕಾಲು ಸೋತವರನ್ನು ತುಂಬಿಕೊಂಡು ಕನಾಟ್ ಪ್ಲೇಸಿಗೆ ಗುಡುಗುತ್ತಾ ಒಯ್ಯುತ್ತಿದ್ದ, ಹಾರ್ಲೆ ಡೇವಿಡ್‌ಸನ್ ಎಂಜಿನ್ನಿನ ಫಟ್‌ಫಟಿ ಗಾಡಿಗಳು 1998ರಲ್ಲಿ ಹೊಗೆಯ ಕಾರಣಕ್ಕೆ ನಿಂತವು. 2005ರಲ್ಲಿ ಚಾಂದನಿ ಚೌಕದ ಅಡಿಗೆ ಮೆಟ್ರೊ ಬಂತು. 2021ರ ಹೊತ್ತಿಗೆ ಬೀದಿಯನ್ನೇ ಅಗೆದು, ಕಲ್ಲು ಹಾಸಿ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ಗಾಡಿ ಬರಬಾರದೆಂದು ಮಾಡಿದರು. ನಡೆಯುವವರಿಗೆ ಇಷ್ಟು ಅಗಲದ ಜಾಗ ಆ ಬೀದಿಯಲ್ಲಿ ಹಿಂದೆ ಇರಲಿಲ್ಲ ಎನ್ನುವುದನ್ನು ಒಪ್ಪಲೇಬೇಕು. ತೆರೆದ ಚರಂಡಿ, ತಲೆಯ ಮೇಲೆ ಜೋತ ವೈರು, ಜೇಬುಗಳ್ಳರು, ಇವೆಲ್ಲ ಆಗ ನಡಿಗೆಯ ಭಾಗ. ಒಂಟಿ ಹೆಂಗಸಿಗಂತೂ ಈ ನಡಿಗೆ ದಕ್ಕುತ್ತಲೇ ಇರಲಿಲ್ಲ. 2019ರ ಅಕ್ಟೋಬರಿನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ, ಬರಿಗೈಯಲ್ಲಿ ದಿಲ್ಲಿ ನೋಡುವ ಅವಕಾಶ ಮೊದಲ ಸಲ ಅವರಿಗೂ ಸಿಕ್ಕಿತು.

ಭಾನುವಾರವಾದರೆ ದಾರಿ ದರಿಯಾಗಂಜಿಗೆ ತಿರುಗುತ್ತಿತ್ತು. ಗೋಲ್ಚಾ ಸಿನಿಮಾದ ಆಸುಪಾಸಿನ ಫುಟ್‌ಪಾತಿನ ತುಂಬ ಹಳೆಯ ಪುಸ್ತಕ. ಬೆಲೆ ಪುಸ್ತಕದ ಮೇಲಲ್ಲ, ಕೊಳ್ಳುವವನ ಮುಖದ ಮೇಲೆ ಇರುತ್ತಿತ್ತು. ಅದಕ್ಕೇ ಬೇಕಾದ ಪುಸ್ತಕವನ್ನು ಮೊದಲು ಮುಟ್ಟಬಾರದು. ಬೇಡದ ಎರಡನ್ನು ಎತ್ತಿ, ಬೆಲೆ ಕೇಳಿ, ಮುಖ ಸಿಂಡರಿಸಿ ಕೆಳಗಿಟ್ಟು, ಏಳುವಾಗ ಮೂರನೆಯದರತ್ತ ಬೇಸರದಿಂದ ಕೈತೋರಿಸಬೇಕು. ನುರಿತ ವ್ಯಾಪಾರಿ ಇದನ್ನೆಲ್ಲ ಕಂಡವನೇ. ಆ ಮೂರನೆಯದಕ್ಕೇ ದುಪ್ಪಟ್ಟು ಹೇಳುತ್ತಿದ್ದ. ಆಮೇಲೆ ಚೌಕಾಸಿ, ಹೊರಟುಹೋಗುವ ನಾಟಕ, ಹಿಂದಿನಿಂದ ಕೂಗು. ಸಂಜೆ ಗೋಣಿಗೆ ತುಂಬುವ ಹೊತ್ತಿಗೆ ಬೆಲೆ ತಾನಾಗಿ ಇಳಿಯುತ್ತದೆಂದು ಕಾದು, ಪುಸ್ತಕವನ್ನೇ ಕಳೆದುಕೊಂಡವರೂ ಇದ್ದರು. 2019ರ ಜುಲೈನಲ್ಲಿ ಸಂಚಾರಕ್ಕೆ ಅಡ್ಡಿಯೆಂದು ಹೈಕೋರ್ಟ್ ಆದೇಶ ಬಂದು ಬಜಾರು ಎದ್ದಿತು. ಸೆಪ್ಟೆಂಬರಿನಲ್ಲಿ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್‌ನ ಗೋಡೆಯೊಳಗೆ ಮತ್ತೆ ಕೂತಿತು. ಅಲ್ಲಿ ಪುಸ್ತಕವನ್ನು ಕಿಲೋ ಲೆಕ್ಕದಲ್ಲೂ ತೂಗಿ ಕೊಡುತ್ತಾರೆ. ನೆರಳಿದೆ, ಕೂರಲು ಜಾಗವಿದೆ. ಆದರೆ ಪುಸ್ತಕ ಬೇಡದವನು ದಾರಿಯಲ್ಲಿ ಎಡವಿ, ಬಗ್ಗಿ ನೋಡಿ, ಓದುಗನಾಗಿಬಿಡುವುದು ಗೋಡೆಯೊಳಗೆ ಆಗುವ ಕೆಲಸವಲ್ಲ.

ಕನಾಟ್ ಪ್ಲೇಸಿನಲ್ಲಿ ನಡೆಯುವವನಿಗೆ ಬೇಕಿದ್ದದ್ದು ಮದ್ರಾಸ್ ಹೋಟೆಲಿನ ಇಡ್ಲಿ ಸಾಂಬಾರು. ಹೋಟೆಲು ಮುಚ್ಚಿದ ಮೇಲೂ ಬಸ್ ನಿಲ್ದಾಣ ಅದರ ಹೆಸರನ್ನು ಬಿಡಲಿಲ್ಲ.

ಅಲ್ಲಿಂದ ಜನಪಥ ಹಿಡಿದರೆ ರಾಜಪಥ, ಇಂಡಿಯಾ ಗೇಟಿನ ಹುಲ್ಲು. ಬೇಸಗೆಯ ರಾತ್ರಿ ಅರ್ಧ ದಿಲ್ಲಿ ಅಲ್ಲಿ ಚಾದರ ಹಾಸಿ ಊಟದ ಡಬ್ಬಿ ಬಿಚ್ಚುತ್ತಿತ್ತು, ಐಸ್‌ಕ್ರೀಂ ಗಾಡಿ ಮನಬಂದಲ್ಲಿ ನಿಲ್ಲುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ರಾಜಪಥ ಕರ್ತವ್ಯ ಪಥವಾಗಿ ತೆರೆಯಿತು. ಹುಲ್ಲು ಈಗ ಹೆಚ್ಚು ಹಸಿರು, ಶೌಚಾಲಯಗಳಿವೆ, ಗಾಡಿಗಳಿಗೆ ಗುರುತು ಹಾಕಿದ ಜಾಗವಿದೆ, ಕಾವಲಿನವರ ಸೀಟಿಯೂ ಇದೆ. ಅದೇ ವರ್ಷ ತೀನ್ ಮೂರ್ತಿಯಲ್ಲೂ ಲೆಕ್ಕ ಬದಲಾಯಿತು: ನೆಹರೂ ಮನೆಯನ್ನು ಯಾರು ಬೇಕಾದರೂ ಸುಮ್ಮನೆ ಹೊಕ್ಕು ನೋಡಬಹುದಿತ್ತು, ಪ್ರಧಾನಮಂತ್ರಿಗಳ ಸಂಗ್ರಹಾಲಯಕ್ಕೆ ಟಿಕೆಟ್ಟು. ಹುಮಾಯೂನ್ ಸಮಾಧಿ, ಕೆಂಪುಕೋಟೆಗಳಿಗೆ 2016ರಲ್ಲೇ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಒಬ್ಬನಿಗೆ ಅದು ದೊಡ್ಡ ದುಡ್ಡಲ್ಲ, ಐದು ಮಂದಿಯ ಸಂಸಾರ ಮಾತ್ರ ಗೇಟಿನಲ್ಲಿ ನಿಂತು ಯೋಚಿಸುತ್ತದೆ.

ಕುತುಬ್ ಮಿನಾರಿಗೆ ಆಗಲೂ ಯಾರೂ ನಡೆದು ಹೋಗುತ್ತಿರಲಿಲ್ಲ, 505ನೇ ನಂಬರಿನ ಬಸ್ಸಿತ್ತು. ಒಂದು ಕಾಲದಲ್ಲಿ ಮಿನಾರಿನ ಮೊದಲ ಅಂತಸ್ತಿನವರೆಗೆ ಹತ್ತಲು ಬಿಡುತ್ತಿದ್ದರು. 1981ರ ಡಿಸೆಂಬರ್ 4ರಂದು ಒಳಗಿನ ದೀಪ ಆರಿ, ನೂಕುನುಗ್ಗಲಿನಲ್ಲಿ 45 ಮಂದಿ ಸತ್ತರು. ಬಹುತೇಕರು ಶಾಲಾ ಮಕ್ಕಳು. ಅಂದಿನಿಂದ ಸಾರ್ವಜನಿಕರಿಗೆ ಆ ಬಾಗಿಲು ತೆರೆದಿಲ್ಲ, ತೆರೆಯಬೇಕೆಂದು ಹಳಬರೂ ಕೇಳುವುದಿಲ್ಲ. 2010ರಿಂದ ಕುತುಬ್ ಮಿನಾರ್ ಹೆಸರಿನದೇ ಮೆಟ್ರೊ ನಿಲ್ದಾಣವಿದೆ. ಅಲ್ಲಿಂದ ಮಿನಾರಿನ ಗೇಟಿಗೆ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಳಿದವರಲ್ಲಿ ಹೆಚ್ಚಿನವರು ಅಷ್ಟಕ್ಕೂ ಆಟೊ ಹಿಡಿಯುತ್ತಾರೆ.