ಅಂಗೈಯೊಳಗಿನ ಪೂಜೆ

ಪೂಜೆಯೆಂದೊಡನೆ ನಮ್ಮಲ್ಲಿ ಬಹುಜನರ ಕಣ್ಣಿಗೆ ಕಟ್ಟುವದು ಪೂಜೆಯ ಸಾಮಗ್ರಿಯೇ ಹೊರತು ಪೂಜಿಸುವವರ ಮನಸ್ಸಲ್ಲ. ಹೂವು ಬಂದಿತೇ, ಊದಿನಕಡ್ಡಿ ತೀರಿತೇ, ನೈವೇದ್ಯಕ್ಕೆ ಹೊತ್ತಾಯಿತೇ ಎಂಬ ಗಡಿಬಿಡಿಯಲ್ಲಿ ಕೈಗಳು ತಮ್ಮ ಕೆಲಸವನ್ನು ಮುಗಿಸುವವು. ಚಿತ್ತವು ಮಾತ್ರ ನಿಪ್ಪಾಣಿ ಪೇಟೆಯ ತಂಬಾಕಿನ ದರದಲ್ಲಿಯೋ ನೆರೆಮನೆಯ ಮಾತಿನಲ್ಲಿಯೋ ತಿರುಗುತ್ತಿರುವದು. ಗೃಹಸ್ಥರಾದ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿ ಒಳಗಿನ ಪೂಜೆಯನ್ನು ಆಚರಿಸಿ ತೋರಿಸಿದ ಹಿರಿಯರು ಅಥಣಿಯ ಗಚ್ಚಿನಮಠದ ಶ್ರೀ ಮುರುಘೇಂದ್ರ ಶಿವಯೋಗಿಗಳು (1836–1921). ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟುಕೊಂಡು ಅದರಲ್ಲಿ ದೃಷ್ಟಿಯನ್ನು ನಿಲ್ಲಿಸುವದೇ ಆ ಮಾರ್ಗದ ಮುಖ್ಯ ಸಾಧನವು. ನೋಟವು ಕದಲಿದರೆ ಮನಸ್ಸು ಕದಲಿತೆಂದು ಪೂಜಿಸುವವರಿಗೆ ತಾನಾಗಿಯೇ ತಿಳಿಯುವದು. ಕಾಗವಾಡ, ಶೇಡಬಾಳಗಳ ಕಡೆಯ ಜೈನ ಶ್ರಾವಕರ ಸಾಮಾಯಿಕವೂ ಇದಕ್ಕೆ ದೂರದ್ದಲ್ಲ. ಒಂದು ಮುಹೂರ್ತ, ಎಂದರೆ 48 ನಿಮಿಷಗಳವರೆಗೆ, ಸಮಭಾವದಿಂದ ಕುಳಿತಿರುವದು. ಕುಳಿತು ನೋಡಿದವರಿಗೇ ಅದರ ಕಷ್ಟವು ಗೊತ್ತು!

2019ರ ಆಗಸ್ಟದಲ್ಲಿ ಕೃಷ್ಣೆಯು ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದ ಗ್ರಾಮಗಳನ್ನು ಮುಳುಗಿಸಿದಾಗ ನಮ್ಮ ಮನೆಯೂ ನೀರಿನೊಳಗಾಯಿತು. ದೇವರ ಜಗಲಿ ಕುಸಿಯಿತು. ತಾಮ್ರದ ಗಿಂಡಿ, ಗಂಟೆ, ಸಮೆಗಳು ಕೆಸರಿನ ಪಾಲಾದವು. ನಾವೆಲ್ಲರೂ ಒಂದು ಶಾಲೆಯ ಪಡಸಾಲೆಯಲ್ಲಿ ಆಶ್ರಯ ಪಡೆದಿದ್ದೆವು. ಮರುದಿನ ನಸುಕಿನಲ್ಲಿ ನಮ್ಮ ತಾಯಿಯವರು ಕುಡಿಯುವ ನೀರಿನಲ್ಲಿಯೇ ಒಂದು ಬಟ್ಟಲು ತೆಗೆದುಕೊಂಡು, ಕೊರಳಲ್ಲಿಯ ಲಿಂಗವನ್ನು ವಸ್ತ್ರದಿಂದ ಬಿಚ್ಚಿ, ಗೋಡೆಯ ಕಡೆಗೆ ಮುಖ ಮಾಡಿ ಕುಳಿತರು. ಸುತ್ತಲೂ ಕೂಸುಗಳ ಅಳು, ದನಗಳ ಕೂಗು. ಅವರ ನೋಟವು ಅಂಗೈಯನ್ನು ಬಿಟ್ಟು ಏಳಲಿಲ್ಲ.

"ಅವ್ವಾ, ಎಲ್ಲವೂ ಹೋಯಿತು, ಈಗ ಏನೆಂದು ಕೈಮುಗಿಯುತ್ತೀ?" ಎಂದು ನಾವು ಕೇಳಿದೆವು.

"ಎಮ್ಮೆ ಉಳಿದಿದೆ, ಕೂಸಿಗೆ ಜ್ವರ ಬಿಟ್ಟಿದೆ. ಮೊದಲು ಇಷ್ಟನ್ನು ಅವನಿಗೆ ಹೇಳುವೆನು. ಹೋದುದರ ಲೆಕ್ಕವನ್ನು ತಲಾಟಿಗೆ ಕೊಡೋಣ" ಎಂದರು.

ಹಾಗೆಯೇ ನಡೆಯಿತು. ಪೂಜೆ ಮುಗಿದ ಬಳಿಕ ಅದೇ ತಾಯಿಯವರು, ಗೋಡೆ ಎಷ್ಟು ಮೊಳ ಬಿದ್ದಿತು, ಕಬ್ಬು ಎಷ್ಟು ಗುಂಟೆ ಕೊಳೆಯಿತು ಎಂಬುದನ್ನೆಲ್ಲ ಬಿಡದೆ ಬರೆಯಿಸಿದರು. ಕೃತಜ್ಞತೆಯೆಂದರೆ ಹಾನಿಯನ್ನು ಮೌನದಿಂದ ನುಂಗುವದೆಂದು ಬೋಧಿಸುವವರ ಮಾತನ್ನು ಆ ದಿನದಿಂದ ನಾವು ಕಿವಿಯ ಮೇಲೆ ಹಾಕಿಕೊಳ್ಳುವದಿಲ್ಲ.

ಆ ವರ್ಷದ ಶೀಗಿಹುಣ್ಣಿಮೆಗೆ ಹೊಲದಲ್ಲಿ ಹಸಿರೇ ಇರಲಿಲ್ಲ. ಆದರೂ ತಾಯಿಯವರು ಚರಗ ಚೆಲ್ಲಿಸಿದರು. ಒಂದು ಹಿಡಿಯನ್ನು ಹೊಳೆಗೂ ಹಾಕಿಸಿದರು. ಮನೆಯನ್ನು ಕೆಡವಿದ ಹೊಳೆಗೆ ಊಟವೇ ಎಂದು ನಮಗೆ ಸಿಟ್ಟು ಬಂದಿತು. ಅದು ಈಗಲೂ ಪೂರ್ಣವಾಗಿ ಇಳಿದಿಲ್ಲ. ಆದರೆ ನಲವತ್ತು ವರ್ಷ ನಮ್ಮ ಕಬ್ಬಿಗೆ ನೀರುಣಿಸಿದ್ದು ಆ ಹೊಳೆಯೇ ಎಂಬುದನ್ನು ಅವರು ಮರೆತಿರಲಿಲ್ಲ.

ಈಗ ಹೊಸ ಜಗಲಿಯಾಗಿದೆ, ಗಂಟೆಯೂ ಬಂದಿದೆ. ಸೊಸೆಯು ಅಲ್ಲಿ ಹೂವೇರಿಸುವಳು. ತಾಯಿಯವರು ಮಾತ್ರ ಹಿತ್ತಲ ಬಾಗಿಲಲ್ಲಿ, ಬೆಳಕು ಬೀಳುವಲ್ಲಿ, ಅಂಗೈ ನೋಡುತ್ತ ಕುಳಿತಿರುವರು.